ನೆಲದೊಳಗಿನ ಗುಡುಗು, ಕಲ್ಲು-ಕೆಸರಿನ ಗೋಡೆ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಹಳ್ಳಿ. ಮಳೆಗಾಲ ಮುಗಿಯುವ ಹೊತ್ತಿಗೆ ನೆಲದೊಳಗಿಂದ ಗುಡುಗಿದಂತೆ ಸದ್ದು ಬರುತ್ತದೆ, ಹಿಂದೆಯೇ ಮನೆ ಅಲುಗುತ್ತದೆ, ಪಾತ್ರೆಗಳು ಬೀಳುತ್ತವೆ. ಒಂದೊಂದು ರಾತ್ರಿ ಎರಡು-ಮೂರು ಸಲ ಹೀಗಾದದ್ದುಂಟು. ಒಳಗಿನ ಸುಣ್ಣಕಲ್ಲಿನ ಗವಿಗಳು ಕುಸಿಯುತ್ತಿವೆ ಎಂದು ಕೆಲವರು ಹೇಳಿದರೆ, ಗಣಿಯ ಸ್ಫೋಟ ಎಂದು ಇನ್ನು ಕೆಲವರು, ಬೋರ್‌ವೆಲ್ ಹೆಚ್ಚಾದದ್ದೇ ಕಾರಣ ಎಂದು ಮತ್ತೆ ಕೆಲವರು ಹೇಳುತ್ತಾರೆ. ನಿಜ ಯಾವುದು? ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದಂತೆ ದೊಡ್ಡ ಭೂಕಂಪ ಬರುತ್ತದೆಯೇ? ನಮ್ಮ ಮನೆ ಅಜ್ಜನ ಕಾಲದ್ದು. ಕಲ್ಲು-ಕೆಸರಿನ ಗೋಡೆ, ಪಡಸಾಲೆಗೆ ಮಣ್ಣಿನ ಮಾಳಿಗೆ (ಛಾವಣಿ), ಹಿಂದಿನ ಖೋಲಿಗೆ ಪರಸಿ ಕಲ್ಲಿನ (ಚಪ್ಪಡಿ ಕಲ್ಲಿನ) ಛಾವಣಿ. ಕೆಡವಿ ಕಟ್ಟುವಷ್ಟು ಹಣವಿಲ್ಲ. ಏನು ಮಾಡಬೇಕು?

ಉತ್ತರ: ನೀವು ಕೇಳಿದ ಮೂರರಲ್ಲಿ ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರವಿದೆ. ಎರಡನೆಯದಕ್ಕೆ ಜಗತ್ತಿನ ಯಾವ ವಿಜ್ಞಾನಿಯ ಬಳಿಯೂ ಉತ್ತರವಿಲ್ಲ. ಮೂರನೆಯದಕ್ಕೆ ಪೂರ್ತಿ ಉತ್ತರವಿದೆ. ಅದನ್ನು ನಿಮ್ಮೂರಿನ ಗೌಂಡಿಯೇ ಮಾಡಿಕೊಡಬಲ್ಲ. ಪ್ರಾಣ ಉಳಿಯುವುದು ಈ ಮೂರನೆಯದರಿಂದ. ಆದ್ದರಿಂದ ಕಾರಣದ ಮಾತನ್ನು ಮೊದಲು ಮುಗಿಸಿ, ಗೋಡೆಯ ಬಳಿ ಹೆಚ್ಚು ಹೊತ್ತು ನಿಲ್ಲೋಣ.

ಭಾರತದ ನೆಲವೆಲ್ಲ ಒಂದು ದೊಡ್ಡ ಶಿಲಾಫಲಕದ ಮೇಲಿದೆ. ಅದು ವರ್ಷಕ್ಕೆ ಸುಮಾರು 5 ಸೆಂ.ಮೀ. ಲೆಕ್ಕದಲ್ಲಿ ಉತ್ತರಕ್ಕೆ, ತುಸು ಈಶಾನ್ಯಕ್ಕೆ ಸರಿಯುತ್ತ ಹಿಮಾಲಯದ ಬುಡದಲ್ಲಿ ಏಷ್ಯಾ ಖಂಡಕ್ಕೆ ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲೇ ಮುಗಿದುಹೋಗುವುದಿಲ್ಲ, ಫಲಕದ ಉದ್ದಕ್ಕೂ ದಕ್ಷಿಣದವರೆಗೆ ಬಂದು ಮುಟ್ಟುತ್ತದೆ. ದಖ್ಖನ್ನಿನ ಕೆಳಗಿರುವುದು ಬಲು ಹಳೆಯ ಬಂಡೆ. ಅದರಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಬಿದ್ದ ಬಿರುಕುಗಳಿವೆ. ಬಿರುಕಿನ ಎರಡು ಮೈಗಳು ಘರ್ಷಣೆಯಿಂದ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಚೌಕಟ್ಟಿಗೆ ಸಿಕ್ಕಿಕೊಂಡ ಬಾಗಿಲನ್ನು ಒತ್ತುತ್ತಲೇ ಇದ್ದರೆ ಬಹಳ ಹೊತ್ತು ಏನೂ ಆಗದೆ, ಕೊನೆಗೆ ಒಮ್ಮೆಲೇ ಜಾರಿ ದಢಾರನೆ ತೆರೆದುಕೊಳ್ಳುತ್ತದಲ್ಲ, ಬಿರುಕೂ ಹಾಗೆಯೇ ಜಾರುತ್ತದೆ. ಆ ಜಾರುವಿಕೆಯೇ ಭೂಕಂಪ. ಮೂರರ ತೀವ್ರತೆಯ ಕಂಪನದಲ್ಲಿ ಜಾರುವ ಬಿರುಕಿನ ಉದ್ದ ಕೆಲವು ನೂರು ಮೀಟರ್, ಆರರ ತೀವ್ರತೆಯಲ್ಲಿ ಸುಮಾರು ಹತ್ತು ಕಿ.ಮೀ.

ಒತ್ತಡ ವರ್ಷವಿಡೀ ಇದ್ದರೂ ಮಳೆಗಾಲದ ಕೊನೆಗೇ ಏಕೆ ಜಾರಬೇಕು? ಇಲ್ಲಿ ನೀರಿನ ಪಾತ್ರವಿದೆ. ಬಿರುಕಿನೊಳಗೆ ನಿಂತ ನೀರಿಗೂ ಒತ್ತಡವುಂಟು. ಹತ್ತು ಮೀಟರ್ ಎತ್ತರದ ನೀರಿನ ಕಂಬ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹಾಕುತ್ತದೆ. ಒಳ್ಳೆಯ ಮಳೆಯಾಗಿ ಅಂತರ್ಜಲ ಐದಾರು ಮೀಟರ್ ಏರಿದರೆ ಅರ್ಧ ವಾಯುಮಂಡಲದಷ್ಟು ಒತ್ತಡ ಹೆಚ್ಚಾಗುತ್ತದೆ, ಅದು ಬಿರುಕುಗಳ ಜಾಲದೊಳಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೆಳಗಿಳಿಯುತ್ತ ಹೋಗುತ್ತದೆ. ಈ ನೀರು ಬಿರುಕಿನ ಎರಡು ಮೈಗಳನ್ನು ಒಳಗಿಂದ ತುಸು ದೂಡುತ್ತದೆ, ಹಿಡಿತ ಸಡಿಲವಾಗುತ್ತದೆ. ಭೂಕಂಪದಲ್ಲಿ ಬಿಡುಗಡೆಯಾಗುವ ಒತ್ತಡದ ಮುಂದೆ ಇದು ತೀರ ಸಣ್ಣದು. ಆದ್ದರಿಂದ ಮಳೆನೀರು ಭೂಕಂಪವನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಜಾರಲು ಸಿದ್ಧವಾಗಿದ್ದ ಬಿರುಕು ತುಸು ಬೇಗ ಜಾರಿತು ಎನ್ನುವುದೇ ಸರಿ. 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರ ಮತ್ತು ಸುತ್ತಲ ಊರುಗಳಲ್ಲಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದು ನಿಮಗೆ ನೆನಪಿರಬಹುದು. ಆಗ ಅತಿ ದೊಡ್ಡ ಕಂಪನ ನಾಲ್ಕರ ಆಸುಪಾಸಿನದು. 2022ರ ಜೂನ್ ಕೊನೆ, ಜುಲೈ ಮೊದಲಲ್ಲಿ ಕೊಡಗಿನ ಚೆಂಬು, ದಕ್ಷಿಣ ಕನ್ನಡದ ಸುಳ್ಯದ ಕಡೆ ಬಂದ ಸಣ್ಣ ಕಂಪನಗಳೂ ಮಳೆಗಾಲದವೇ.

ನೀರಿನ ಕೆಲಸವನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಮಹಾರಾಷ್ಟ್ರದ ಕೊಯ್ನಾ. 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1960ರ ದಶಕದ ಆರಂಭದಲ್ಲಿ ನೀರು ತುಂಬತೊಡಗಿದ ಮೇಲೆ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3ರ ಭೂಕಂಪವಾಗಿ ಸುಮಾರು 180 ಮಂದಿ ತೀರಿಕೊಂಡರು. ಅಲ್ಲಿ ಇಂದಿಗೂ ಕಂಪನಗಳು ನಿಂತಿಲ್ಲ, ಮಳೆಗಾಲದಲ್ಲಿ ಜಲಾಶಯ ತುಂಬಿದ ನಂತರ ಹೆಚ್ಚುತ್ತವೆ. ಆದರೆ ಕೊಯ್ನಾದ ಜಲಾಶಯಕ್ಕೂ ನಿಮ್ಮೂರಿನ ಬೋರ್‌ವೆಲ್‌ಗಳಿಗೂ ಹೋಲಿಕೆ ಸಲ್ಲದು. ಬೋರ್‌ವೆಲ್ ಇಳಿಯುವುದು ಇನ್ನೂರು-ಮುನ್ನೂರು ಮೀಟರ್. ಅದು ನೀರನ್ನು ಹೊರಗೆ ತೆಗೆಯುತ್ತದೆ, ಒಳಗೆ ತುಂಬುವುದಿಲ್ಲ. ಬೋರ್‌ವೆಲ್ ಕೊರೆಸಿದವರ ಮೇಲೆ ತಪ್ಪು ಹೊರಿಸಬೇಡಿ.

ಈಗ ಗವಿಯ ಮಾತು. ಇದು ಬುದ್ಧಿವಂತಿಕೆಯ ಊಹೆಯೇ, ಏಕೆಂದರೆ ನಿಮ್ಮ ಕಡೆ ನೆಲದಡಿ ಸುಣ್ಣಕಲ್ಲು ಇರುವುದು ನಿಜ, ಅದು ನೀರಿನಲ್ಲಿ ಕರಗಿ ಪೊಳ್ಳಾಗುವುದೂ ನಿಜ. ಪೊಳ್ಳು ಕುಸಿದರೆ ಸದ್ದೂ ಬರಬಹುದು, ಹತ್ತಿರದ ಮನೆ ಅಲುಗಲೂಬಹುದು. ಆದರೆ ಭೀಮಾ ಕಣಿವೆಯ ಈ ಕಲ್ಲಿನ ಪದರ ಒಟ್ಟು ಮುನ್ನೂರು ಮೀಟರ್ ಆಸುಪಾಸಿನದು. ಅದರ ಮೇಲ್ಭಾಗದ ಪೊಳ್ಳು ಕುಸಿದು ನಾಲ್ಕರ ತೀವ್ರತೆಯ, ಹತ್ತಾರು ಕಿ.ಮೀ. ದೂರದ ಊರುಗಳಿಗೂ ತಿಳಿಯುವ ಕಂಪನ ಹುಟ್ಟುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳುವ ದಾರಿಯೂ ಇದೆ. ಕಂಪನಮಾಪಕದಲ್ಲಿ ಮೊದಲ ಅಲೆ ನೆಲವನ್ನು ಮೇಲಕ್ಕೆ ತಳ್ಳಿತೋ ಕೆಳಕ್ಕೆ ಎಳೆಯಿತೋ ಎಂದು ನೋಡುತ್ತಾರೆ. ಗವಿ ಕುಸಿದರೆ ಸುತ್ತಲಿನ ಎಲ್ಲ ಮಾಪಕಗಳಲ್ಲೂ ಮೊದಲ ಚಲನೆ ಎಳೆತವೇ. ಗಣಿಯಲ್ಲಿ ಸಿಡಿಸಿದರೆ ಎಲ್ಲದರಲ್ಲೂ ತಳ್ಳುವಿಕೆಯೇ, ಅದೂ ಕೆಲಸದ ವೇಳೆಯಲ್ಲೇ. ಬಿರುಕು ಜಾರಿದರೆ ಮಾತ್ರ ಕೆಲವು ದಿಕ್ಕಿನ ಮಾಪಕಗಳಲ್ಲಿ ತಳ್ಳುವಿಕೆ, ಕೆಲವು ದಿಕ್ಕಿನವುಗಳಲ್ಲಿ ಎಳೆತ. ಇದಕ್ಕೆ ಕಂಪನ ಹುಟ್ಟಿದ ಕೇಂದ್ರದ ಸುತ್ತ ನಾಲ್ಕೂ ದಿಕ್ಕಿಗೆ ಮಾಪಕಗಳು ಬೇಕು. ಕಂಪನ ಶುರುವಾದೊಡನೆ ಊರ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ತಾತ್ಕಾಲಿಕ ಮಾಪಕ ಇಡಿ ಎಂದು ಕೇಳುವುದು ಈ ಕಾರಣಕ್ಕೆ. ಇಟ್ಟ ಮೇಲೆ ಅದರ ಬಳಿ ನೀರೆತ್ತುವ ಮೋಟಾರು, ಹಿಟ್ಟಿನ ಗಿರಣಿ, ಆಡುವ ಮಕ್ಕಳು ಇರದಂತೆ ನೋಡಿಕೊಳ್ಳಿ. ಅವುಗಳ ಅಲುಗಾಟದಲ್ಲಿ ಸಣ್ಣ ಕಂಪನಗಳು ಮುಚ್ಚಿಹೋಗುತ್ತವೆ.

ಇನ್ನೊಂದು ಮಾತು. ಸುದ್ದಿಯಲ್ಲಿ ‘ಆಳ 10 ಕಿ.ಮೀ.’ ಅಥವಾ ‘5 ಕಿ.ಮೀ.’ ಎಂದು ಬಂದರೆ ಅದನ್ನು ಅಳೆದ ಸಂಖ್ಯೆ ಎಂದು ನಂಬಿಕೊಳ್ಳಬೇಡಿ. ದೂರದ ಮಾಪಕಗಳಿಂದ ಆಳ ಸರಿಯಾಗಿ ಸಿಗದಿದ್ದಾಗ ಲೆಕ್ಕ ಮುಂದುವರಿಸಲು ಇಂಥ ದುಂಡು ಸಂಖ್ಯೆಯನ್ನು ಹಿಡಿದುಕೊಳ್ಳುವುದು ರೂಢಿ.

ಸದ್ದಿನ ಬಗ್ಗೆ ಕೇಳಿದ್ದೀರಿ. ಬಿರುಕು ಜಾರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಒತ್ತುತ್ತ-ಹಿಗ್ಗುತ್ತ ಸಾಗುವ ಅಲೆ, ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಆರು ಕಿ.ಮೀ. ಹತ್ತಿರ ಹತ್ತಿರ ಓಡುತ್ತದೆ. ಎರಡನೆಯದು ಅಡ್ಡಡ್ಡ ಅಲುಗಿಸುವ ಅಲೆ, ವೇಗ ಮೂರೂವರೆ ಕಿ.ಮೀ. ಮನೆಯನ್ನು ಕೆಡವುವುದು ಈ ಎರಡನೆಯದು. ಕೇಂದ್ರ ಆಳದಲ್ಲಿರದೆ, ನಡುವೆ ಗಟ್ಟಿ ಕಲ್ಲೇ ಇದ್ದರೆ ಮೊದಲ ಅಲೆಯ ಚುರುಕಾದ ಕಂಪನಗಳು ದಾರಿಯಲ್ಲಿ ಸಾಯದೆ ಮೇಲೆ ಬಂದು ಗಾಳಿಯನ್ನು ಅಲುಗಿಸುತ್ತವೆ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಅಲುಗಿದರೆ ಅದು ಕಿವಿಗೆ ಸದ್ದಾಗಿ ಕೇಳುತ್ತದೆ. ನೀವು ಕೇಳುವ ಗುಡುಗು ಇದೇ. ಇದರಿಂದ ನಿಮಗೊಂದು ಉಪಯೋಗವೂ ಇದೆ. ಸದ್ದು ಅಥವಾ ಮೊದಲ ಸಣ್ಣ ನಡುಕ ಮತ್ತು ಜೋರು ಅಲುಗಾಟ, ಇವೆರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿ. ಕೇಂದ್ರ ನಿಮ್ಮಿಂದ ಸುಮಾರು ಅಷ್ಟು ಕಿ.ಮೀ. ದೂರದಲ್ಲಿದೆ. ಅರ್ಧ ಸೆಕೆಂಡಾದರೆ ನಾಲ್ಕು ಕಿ.ಮೀ., ಮೂರು ಸೆಕೆಂಡಾದರೆ ಇಪ್ಪತ್ತನಾಲ್ಕು. ನಿಮ್ಮೂರಿನಲ್ಲಿ ಸದ್ದು, ಅಲುಗಾಟ ಎರಡೂ ಕೂಡಿಯೇ ಬರುತ್ತವೆ ಎಂದಾದರೆ ಕೇಂದ್ರ ಕಾಲಡಿಯಲ್ಲೇ ಇದೆ ಎಂದರ್ಥ. ಆಗ ಸದ್ದು ಕೇಳಿ ಓಡುವಷ್ಟು ಹೊತ್ತು ಸಿಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೊಡ್ಡದು ಬರುತ್ತದೆಯೇ? ಇಂಥ ಸಾಲುಕಂಪನಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಾವಾಗಿಯೇ ತಣ್ಣಗಾಗುತ್ತವೆ. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರ್‌ನಿಂದ ವರ್ಷಗಟ್ಟಲೆ ನಡೆದೂ ದೊಡ್ಡದಾಗಲಿಲ್ಲ. ಆದರೆ ಕಿಲ್ಲಾರಿಯಲ್ಲಿ ಹಾಗಾಗಲಿಲ್ಲ. ಅಲ್ಲಿ 1992ರ ಅಕ್ಟೋಬರ್ ಸುಮಾರಿಗೆ ಸಾಲುಕಂಪನ ಬಂದು ಜನ ಹೆದರಿದರು, ನಂತರ ತಗ್ಗಿತು. ಹೆಚ್ಚೂಕಡಿಮೆ ವರ್ಷದ ಮೇಲೆ, 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣೇಶನನ್ನು ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಗೋಡೆಗಳು ಬಿದ್ದವು. ತೀವ್ರತೆ 6.2, ಸತ್ತವರು ಹತ್ತು ಸಾವಿರದ ಹತ್ತಿರ. ನಿಮ್ಮ ತಾಲ್ಲೂಕಿನಿಂದ ಕಿಲ್ಲಾರಿ ನೇರ ದೂರದಲ್ಲಿ ನೂರು-ನೂರಿಪ್ಪತ್ತು ಕಿ.ಮೀ. ಅಷ್ಟೇ. ಈ ಎರಡು ಬಗೆಯ ಸಾಲುಕಂಪನಗಳನ್ನು ಮೊದಲೇ ಬೇರೆ ಮಾಡಿ ತೋರಿಸುವ ಗುರುತು ಈವರೆಗೆ ಸಿಕ್ಕಿಲ್ಲ. ಯಾರಾದರೂ ದಿನ, ಗಂಟೆ ಹೇಳಿದರೆ, ಅದು ವಾಟ್ಸ್‌ಆ್ಯಪ್‌ನಲ್ಲಿ ಯಾರ ಹೆಸರಿನಲ್ಲಿ ಬಂದಿದ್ದರೂ, ಸುಳ್ಳು.

ಸಣ್ಣಸಣ್ಣದು ಬಂದು ಒತ್ತಡ ಖಾಲಿಯಾಗುತ್ತದೆ, ಆದ್ದರಿಂದ ಒಳ್ಳೆಯದೇ ಎಂಬ ಸಮಾಧಾನವನ್ನೂ ಕೇಳಿರುತ್ತೀರಿ. ಲೆಕ್ಕ ಹಾಗೆ ಹೇಳುವುದಿಲ್ಲ. ತೀವ್ರತೆ ಒಂದಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆರರ ಒಂದು ಭೂಕಂಪದಷ್ಟು ಶಕ್ತಿ ಹೊರಹೋಗಲು ನಾಲ್ಕರವು ಸಾವಿರ ಬೇಕು, ಮೂರರವು ಮೂವತ್ತೆರಡು ಸಾವಿರ ಬೇಕು. ಯಾವ ಊರಿನಲ್ಲೂ ಅಷ್ಟು ಬರುವುದಿಲ್ಲ. ಸಣ್ಣ ಕಂಪನಗಳಿಗೆ ಹೆದರಬೇಕಿಲ್ಲ, ಅವನ್ನು ನೆಚ್ಚಿಕೊಂಡು ಸುಮ್ಮನಿರಲೂ ಬೇಡಿ.

ಕಿಲ್ಲಾರಿಯಿಂದ ಕಲಿಯಬೇಕಾದ ದೊಡ್ಡ ಪಾಠ ಬೇರೆಯೇ ಇದೆ. 6.2 ಎಂಬುದು ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಭೂಕಂಪ. ಗಟ್ಟಿಯಾಗಿ ಕಟ್ಟಿದ ಊರಿನಲ್ಲಿ ಅಷ್ಟಕ್ಕೆ ಬೆರಳೆಣಿಕೆಯ ಸಾವು. ಅಲ್ಲಿ ಹತ್ತು ಸಾವಿರವಾದದ್ದು ನಿಮ್ಮ ಮನೆಯಂಥ ಮನೆಗಳಿಂದ. ಈ ಮನೆ ಹೇಗೆ ಬೀಳುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಎಲ್ಲಿ ಕೈ ಹಾಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಎರಡಡಿಯಿಂದ ನಾಲ್ಕಡಿ ದಪ್ಪದ ಗೋಡೆ ನೋಡಲು ಕೋಟೆಯಂತಿರುತ್ತದೆ. ಆದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಮೈಗೆ ಮುಖ ಕೊಟ್ಟ ಕಲ್ಲಿನ ಒಂದು ಸಾಲು, ಒಳಮೈಗೆ ಇನ್ನೊಂದು ಸಾಲು, ನಡುವೆ ತುಂಡುಗಲ್ಲು ಮತ್ತು ಕೆಸರು. ಎರಡನ್ನೂ ಹೊಲಿದಂತೆ ಹಿಡಿಯುವ, ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡ ಮಲಗಿಸಿದ ಉದ್ದಗಲ್ಲು ಇರುವುದೇ ಇಲ್ಲ. ಅಲುಗಾಟ ಶುರುವಾದೊಡನೆ ನಡುವಿನ ತುಂಡುಗಲ್ಲು ಕುಸಿದು ಕೆಳಗೆ ಜಮೆಯಾಗುತ್ತ ಎರಡೂ ಮೈಗಳನ್ನು ಹೊರಕ್ಕೆ ದೂಡುತ್ತದೆ. ಗೋಡೆಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಒಡೆದರೆ ಮಾಳಿಗೆಗೆ ಆಧಾರವಿಲ್ಲ. ಇನ್ನು ಆ ಮಾಳಿಗೆ: ಸೋರದಿರಲಿ ಎಂದು ಮಳೆಗಾಲಕ್ಕೆ ಮುಂಚೆ ವರ್ಷವರ್ಷ ಒಂದಿಷ್ಟು ಮಣ್ಣು ಏರಿಸುತ್ತ ಬಂದು ಅದು ಒಂದೂವರೆ ಅಡಿ ದಾಟಿರುತ್ತದೆ. ಒಂದೂವರೆ ಅಡಿ ಮಣ್ಣೆಂದರೆ ಚದರ ಮೀಟರಿಗೆ 700 ಕಿಲೋ ಮೀರುತ್ತದೆ. ಹತ್ತಡಿ ಅಗಲ, ಹದಿಮೂರಡಿ ಉದ್ದದ ಪಡಸಾಲೆಯಲ್ಲಿ ನಿಮ್ಮ ತಲೆಯ ಮೇಲೆ ಎಂಟು ಟನ್ನಿಗೂ ಹೆಚ್ಚು ಮಣ್ಣಿದೆ. ಅದು ಬಿದ್ದರೆ ಪೆಟ್ಟಿಗಿಂತ ಹೆಚ್ಚಾಗಿ ಉಸಿರು ಕಟ್ಟಿಯೇ ಜನ ಸಾಯುತ್ತಾರೆ.

ಮೊದಲು ಮನೆಯನ್ನು ಪರೀಕ್ಷಿಸಿ. ಗೌಂಡಿಯ ತೂಗುಗುಂಡನ್ನು ಗೋಡೆಯ ಮೇಲ್ತುದಿಯಿಂದ ನಾಲ್ಕು ಬೆರಳು ಹೊರಗೆ ಹಿಡಿದು ಇಳಿಬಿಡಿ. ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಅಡಿಗೊಂದು ಸಲ ಅಳೆದು, ತಾರೀಖಿನೊಡನೆ ಬರೆದಿಡಿ. ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಹಳೆಯ ಗೋಡೆ ತುಸು ವಾಲಿರುವುದು ಸಹಜ, ಅಳತೆ ಬದಲಾಗುತ್ತಿದ್ದರೆ ಅಪಾಯ. ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ. ಗಿಲಾವಿನ ಕೂದಲೆಳೆ ಬಿರುಕಿಗೆ ಚಿಂತೆ ಬೇಡ. ಐದು ಮಿ.ಮೀ.ಗಿಂತ ಅಗಲವಾದದ್ದು, ಕಿಟಕಿಗಳ ನಡುವೆ ಕತ್ತರಿಯಾಕಾರದಲ್ಲಿ ಬಿದ್ದದ್ದು ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿಂದ ಕೆಳಗೆ ನೇರವಾಗಿ ಇಳಿದ ಬಿರುಕು. ಅಲ್ಲಿ ಗೋಡೆಗಳು ಒಂದನ್ನೊಂದು ಬಿಟ್ಟಿವೆ, ಪ್ರತಿಯೊಂದೂ ಒಂಟಿಯಾಗಿ ನಿಂತಿದೆ. ಆ ಖೋಲಿಯಲ್ಲಿ ದುರಸ್ತಿಯಾಗುವವರೆಗೆ ಯಾರೂ ಮಲಗಬಾರದು.

ದುರಸ್ತಿಯನ್ನು ಮೇಲಿನಿಂದ ಶುರುಮಾಡಿ. ಮಾಳಿಗೆಯ ಮಣ್ಣು ಇಳಿಸುವುದಕ್ಕೆ ಸಿಮೆಂಟಾಗಲಿ ಸರಳಾಗಲಿ ಬೇಡ, ಕೂಲಿ ಸಾಕು, ಲಾಭ ಮಾತ್ರ ಎಲ್ಲಕ್ಕಿಂತ ಹೆಚ್ಚು. ಮೊದಲು ಒಳಗೆ ತೊಲೆಗಳಿಗೆ ಆಸರೆ ಕೊಡಿ. ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ತೆಗೆಯುತ್ತ ಬನ್ನಿ. ಒಂದು ಬದಿ ಖಾಲಿ ಮಾಡಿ ಇನ್ನೊಂದು ಬದಿ ಗುಡ್ಡೆ ಹಾಕಿದರೆ ಹಳೆಯ ಜಂತಿ ಮುರಿಯುತ್ತದೆ. ಜಂತಿ, ತೊಲೆಗಳು ಬರಿದಾದಾಗ ಗೆದ್ದಲು ಹಿಡಿದದ್ದನ್ನು ಬದಲಿಸಿ. ಹಲಗೆಯ ಮೇಲೆ ತೆಳುವಾಗಿ ಮಣ್ಣು ಹರಡಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎಲ್ಲೂ ತೂತಾಗದಂತೆ ಹಾಸಿ, ಹಾಳೆಗಳು ಕೂಡುವಲ್ಲಿ ಒಂದಡಿ ಮೇಲೊಂದು ಬರಲಿ, ಮೇಲೆ ಮತ್ತೆ ಮಣ್ಣು. ಒಟ್ಟು ಎಂಟು ಇಂಚು ದಾಟಬಾರದು. ನೀರು ತಡೆಯುವ ಕೆಲಸ ಹಾಳೆಯದು, ಬಿಸಿಲು ತಡೆಯುವ ಕೆಲಸ ಮಣ್ಣಿನದು. ಹೀಗೆ ಭಾರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮುಂದೆ ಸೋರಿದರೆ ಮೇಲೆ ಮಣ್ಣು ಏರಿಸಬೇಡಿ, ಹಾಳೆಯ ತೂತು ಹುಡುಕಿ.

ಪಡಸಾಲೆಯಲ್ಲಿ ಮರದ ಕಂಬಗಳಿದ್ದರೆ ಅವನ್ನು ದೇವರ ಹಾಗೆ ಕಾಪಾಡಿ. ಕಿಲ್ಲಾರಿ ಸುತ್ತಮುತ್ತ ಗೋಡೆ ಪೂರ್ತಿ ಬಿದ್ದರೂ, ಮಾಳಿಗೆಯ ಭಾರ ಕಂಬಗಳ ಮೇಲಿದ್ದ ಕಡೆ ಮಾಳಿಗೆ ನಿಂತೇ ಇದ್ದದ್ದುಂಟು. ಕಂಬ ಮತ್ತು ತೊಲೆ ಕೂಡುವ ಮೂಲೆಯಲ್ಲಿ ಎರಡಡಿ ಉದ್ದದ ಗಟ್ಟಿ ಮರದ ತುಂಡನ್ನು ಓರೆಯಾಗಿ ಕೊಟ್ಟು, ಎರಡೂ ತುದಿಗೆ ಕಬ್ಬಿಣದ ಪಟ್ಟಿ ಬಿಗಿಯಿರಿ. ಇದನ್ನು ಕಂಬದ ಎರಡೂ ಬದಿಗೆ, ತೊಲೆಯ ಉದ್ದಕ್ಕೂ ಅಡ್ಡಕ್ಕೂ ಮಾಡಬೇಕು. ಬರೀ ಮೊಳೆ ಹೊಡೆದರೆ ಹಳೆಯ ಮರ ಸೀಳುತ್ತದೆ. ಬೈರಿಗೆಯಿಂದ ತೂತು ಕೊರೆದು ಬೋಲ್ಟ್ ಹಾಕಿ. ಗೋಡೆಯೊಳಗೆ ಹುದುಗಿದ ಕಂಬವಾದರೆ ಬುಡ ಕೊಳೆತಿದೆಯೇ ಎಂದು ಕೆದಕಿ ನೋಡಿ.

ಆಮೇಲೆ ಗೋಡೆಯ ಎರಡು ಮೈಗಳನ್ನು ಹೊಲಿಯುವ ಕೆಲಸ. ಇದಕ್ಕೆ ತಾಳ್ಮೆ ಬೇಕು. ನೆಲದಿಂದ ಎರಡಡಿ ಎತ್ತರದಲ್ಲಿ ಶುರುಮಾಡಿ ಅಡ್ಡಕ್ಕೂ ಮೇಲಕ್ಕೂ ಸುಮಾರು ಒಂದು ಮೀಟರಿಗೊಂದು ಗುರುತು ಹಾಕಿ. ಮೇಲಿನ ಸಾಲಿನ ಗುರುತು ಕೆಳಗಿನ ಎರಡರ ನಡುವೆ ಬರಲಿ. ಗುರುತಿನ ಕಡೆ ಗಿಲಾವು ತೆಗೆದು, ಒಂದು ಕಲ್ಲಿನ ಸುತ್ತಲಿನ ಕೆಸರನ್ನು ಚಪ್ಪಟೆ ಸರಳಿನಿಂದ ಕೆರೆದು, ಕಲ್ಲನ್ನು ಅಲುಗಿಸಿ ಅಲುಗಿಸಿ ಹೊರಗೆಳೆಯಿರಿ. ಸುತ್ತಿಗೆಯಿಂದ ಹೊಡೆಯಬಾರದು, ಹೊಡೆದರೆ ಒಳಗಿನ ತುಂಡುಗಲ್ಲು ಸಡಿಲಾಗಿ ತೂತು ಬಾವಿಯಾಗುತ್ತದೆ. ಒಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆಯುತ್ತ ಆಚೆ ಮೈಯವರೆಗೆ ಮೂರು ಇಂಚಿನ ತೂತು ಮಾಡಿ. ಎರಡೂ ಬಾಯಿ ಅಗಲ, ನಡು ಸಣ್ಣ ಇದ್ದರೆ ಒಳ್ಳೆಯದು, ಆಗ ಕಾಂಕ್ರೀಟು ಎರಡೂ ಕಡೆ ಕಲ್ಲುಗಳನ್ನು ಹಿಡಿದುಕೊಳ್ಳುತ್ತದೆ. ಎಂಟು ಮಿ.ಮೀ. ಸರಳನ್ನು ಗೋಡೆಯ ದಪ್ಪಕ್ಕಿಂತ ಎರಡು ಇಂಚು ಕಡಿಮೆ ಉದ್ದಕ್ಕೆ, ಎರಡೂ ತುದಿ ಕೊಕ್ಕೆಯಾಗಿ ಬಗ್ಗಿಸಿ ಇಟ್ಟುಕೊಳ್ಳಿ. ತೂತಿಗೆ ನೀರು ಚಿಮುಕಿಸಿ, ಒಂದು ಸಿಮೆಂಟು, ಎರಡು ಮರಳು, ನಾಲ್ಕು ಸಣ್ಣ ಜಲ್ಲಿಯ ಕಾಂಕ್ರೀಟನ್ನು ಒಂದು ಬದಿಯಿಂದ ಅರ್ಧ ತುಂಬಿ, ಸರಳು ನಡುವೆ ಕೂರುವಂತೆ ತೂರಿಸಿ, ಇನ್ನೊಂದು ಬದಿಯಿಂದ ಗಟ್ಟಿಸಿ ತುಂಬಿ. ಸರಳಿನ ತುದಿ ಎಲ್ಲೂ ಹೊರಗೆ ಕಾಣಬಾರದು, ಕಂಡರೆ ತುಕ್ಕು ಹಿಡಿಯುತ್ತದೆ. ಹತ್ತು ದಿನ ತೇವ ಇರಲಿ, ಆದರೆ ಪೈಪಿನಿಂದ ನೀರು ಬಿಡಬೇಡಿ. ಗೋಡೆಯ ಕೆಸರು ಕರಗುತ್ತದೆ. ಒದ್ದೆ ಗೋಣಿ ಸಾಕು. ಅಕ್ಕಪಕ್ಕದ ಎರಡು ತೂತುಗಳನ್ನು ಒಂದೇ ದಿನ ತೆರೆಯಬೇಡಿ. ಈಗಾಗಲೇ ಹೊಟ್ಟೆ ಬಂದ ಭಾಗಕ್ಕೆ ಈ ಹೊಲಿಗೆ ನಡೆಯುವುದಿಲ್ಲ. ಅಷ್ಟನ್ನು ಮೇಲಿನಿಂದ ಬಿಚ್ಚಿ ಹೊಸದಾಗಿ ಕಟ್ಟಬೇಕು.

ಕೊನೆಗೆ ಮನೆಗೆ ಒಂದು ಸೊಂಟಪಟ್ಟಿ. ಬಾಗಿಲು-ಕಿಟಕಿಗಳ ಮೇಲ್ಗಡೆ, ಮಾಳಿಗೆಯ ಕೆಳಗೆ, ಎಲ್ಲ ಗೋಡೆಗಳ ಒಳಗೂ ಹೊರಗೂ ಒಂದಡಿ ಅಗಲಕ್ಕೆ ಗಿಲಾವು ಕಿತ್ತು, ಕಲ್ಲುಗಳ ಸಂದಿಯನ್ನು ಅರ್ಧ-ಮುಕ್ಕಾಲು ಇಂಚು ಕೆರೆದು ಸ್ವಚ್ಛ ಮಾಡಿ. ಒಂದಕ್ಕೆ ಮೂರರ ಸಿಮೆಂಟು-ಮರಳಿನ ಅರ್ಧ ಇಂಚಿನ ಮೊದಲ ಪದರ ಹಚ್ಚಿ, ಸತುವಿನ ಲೇಪವಿರುವ ವೆಲ್ಡ್ ಮೆಶ್ ಬಲೆಯನ್ನು ಉದ್ದ ಮೊಳೆಗಳಿಂದ ಕೂರಿಸಿ, ಮೇಲೆ ಮುಕ್ಕಾಲು ಇಂಚಿನ ಹತ್ತಿರ ಎರಡನೆಯ ಪದರ ಕೊಡಿ. ಒಳ ಬಲೆ, ಹೊರ ಬಲೆಗಳನ್ನು ಗೋಡೆಯ ಮೂಲಕ ತೂರಿಸಿದ ಸರಳುಗಳಿಂದ ಕೂಡಿಸಿ. ಮೂಲೆಯಲ್ಲಿ ಬಲೆಯನ್ನು ಕತ್ತರಿಸದೆ ಬಗ್ಗಿಸಿ ಮುಂದುವರಿಸಿ, ತುಂಡು ಕೂಡಿಸಬೇಕಾದರೆ ಒಂದಡಿ ಮೇಲೊಂದು ಬರಲಿ. ಈ ಪಟ್ಟಿ ಮನೆಯನ್ನು ಸುತ್ತಿ ಬಂದು ತನ್ನನ್ನು ತಾನೇ ಕೂಡಬೇಕು. ನಡುವೆ ಒಂದು ಕಡೆ ಕಡಿದಿದ್ದರೂ ಅದು ಬರೀ ಅಲಂಕಾರ. ಹಳೆಯ ಗಿಲಾವಿನ ಮೇಲೆಯೇ ಬಲೆ ಹೊಡೆದು ಮುಗಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅಲುಗಿದೊಡನೆ ಗಿಲಾವಿನ ಸಮೇತ ಎದ್ದು ಬರುತ್ತದೆ. ಹಾಗೆಂದು ಗಟ್ಟಿಯಾಗಲಿ ಎಂದು ಇಡೀ ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಲೂಬೇಡಿ. ಒಳಗಿನ ತೇವ ಹೊರಹೋಗಲಾರದೆ ಕೆಸರು ಮೆತ್ತಗಾಗುತ್ತದೆ.

ಹಿಂದಿನ ಖೋಲಿಯ ಪರಸಿ ಬೇರೆಯೇ ಬಗೆಯ ಅಪಾಯ. ಶಹಾಬಾದ್ ಕಲ್ಲು ಎರಡು ಇಂಚು ದಪ್ಪವಿದ್ದರೆ ಚದರ ಮೀಟರಿಗೆ 130 ಕಿಲೋ ತೂಗುತ್ತದೆ. ತೊಲೆಯ ಮೇಲೆ, ಗೋಡೆಯ ಮೇಲೆ ಎರಡು-ಮೂರು ಇಂಚಿನಷ್ಟೇ ಕೂತಿರುತ್ತದೆ. ಗೋಡೆ ಇಷ್ಟು ಸರಿದರೂ ಕಲ್ಲು ಕಳಚಿ ನೇರ ಕೆಳಗೆ ಬೀಳುತ್ತದೆ. ಕಲ್ಲುಗಳನ್ನು ಒಂದಕ್ಕೊಂದು ಕಟ್ಟಲು ಮೇಲೆ ಬಲೆ ಹಾಸಿ ಒಂದೂವರೆ ಇಂಚು ಕಾಂಕ್ರೀಟು ಹಾಕುವ ಪದ್ಧತಿಯಿದೆ, ಆದರೆ ಅದು ಭಾರವನ್ನೂ ಏರಿಸುತ್ತದೆ. ನಿಮ್ಮಂಥ ಗೋಡೆಗೆ ಪರಸಿ ಇಳಿಸಿ ತಗಡು ಹಾಕುವುದೇ ನಮ್ಮ ಸಲಹೆ. ತಗಡು ಹಾರದಿರಲಿ ಎಂದು ಮೇಲೆ ಕಲ್ಲು ಹೇರುವ ರೂಢಿ ಇದೆ, ದಯವಿಟ್ಟು ಬೇಡ. ಹುಕ್ ಬೋಲ್ಟ್‌ನಿಂದ ಪೈಪಿಗೆ ಬಿಗಿಯಿರಿ, ಪೈಪನ್ನು ಗೋಡೆಯ ಪಟ್ಟಿಗೆ ಕಟ್ಟಿ. ತೆಗೆದ ಪರಸಿ ನೆಲಕ್ಕೆ ಹಾಸಲು ಬರುತ್ತದೆ.

ಅಕಸ್ಮಾತ್ ಹೊಸ ಖೋಲಿ ಕಟ್ಟುವುದಾದರೆ ಈ ಕೆಲವು ಅಳತೆಗಳನ್ನು ಬಿಡಬೇಡಿ. ಕಲ್ಲಿನ ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಎತ್ತರಕ್ಕೆ ಎರಡಡಿಗೊಂದು, ಉದ್ದಕ್ಕೆ ನಾಲ್ಕಡಿಯೊಳಗೊಂದು ಅಡ್ಡಗಲ್ಲು ಇರಲಿ. ಬಾಗಿಲು-ಕಿಟಕಿ ಮೂಲೆಯಿಂದ ಎರಡಡಿ ದೂರವಿರಲಿ. ಪಾಯದ ಮೇಲೆ, ಬಾಗಿಲಿನ ಮೇಲೆ, ಛಾವಣಿಯ ಕೆಳಗೆ ಮೂರು ಇಂಚು ದಪ್ಪದ ಕಾಂಕ್ರೀಟು ಪಟ್ಟಿ ಸುತ್ತಲೂ ಹೋಗಲಿ. ಅದರೊಳಗೆ ಎರಡು ಸರಳು, ಆರಿಂಚಿಗೊಂದು ಆರು ಮಿ.ಮೀ. ಕೊಂಡಿ. ಇವೆಲ್ಲ ಭಾರತೀಯ ಮಾನಕ 13828ರಲ್ಲಿವೆ, ಹಳೆಯ ಮನೆ ಬಲಪಡಿಸುವ ವಿಷಯ 13935ರಲ್ಲಿದೆ. ಪಿಲ್ಲರ್ ಎಬ್ಬಿಸಿ ಕಟ್ಟುವವರು ಒಂದನ್ನಾದರೂ ಕಣ್ಣಾರೆ ನೋಡಬೇಕು: ರಿಂಗಿನ ಕೊಕ್ಕೆ ಪಿಲ್ಲರಿನ ಒಡಲೊಳಕ್ಕೆ, 135 ಡಿಗ್ರಿ, ಮೂರು ಇಂಚು ಬಗ್ಗಿರಬೇಕು; ಬೀಮು ಕೂಡುವ ಕಡೆ ರಿಂಗುಗಳು ನಾಲ್ಕು ಇಂಚಿಗೊಂದು ಇರಬೇಕು. ನೇರ ಮಡಚಿದ ರಿಂಗು ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ, ಪಿಲ್ಲರ್ ಸಿಡಿಯುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿ.ಮೀ.ಗೂ ಆಚೆಯ ಅಹಮದಾಬಾದಿನ ಅಪಾರ್ಟ್‌ಮೆಂಟುಗಳು ಕುಸಿದದ್ದಕ್ಕೆ ಕೆಳಗಿನ ಖಾಲಿ ಪಾರ್ಕಿಂಗ್ ಅಂತಸ್ತು ಮತ್ತು ಇಂಥ ಪಿಲ್ಲರುಗಳೇ ಮುಖ್ಯ ಕಾರಣ.

ದುರಸ್ತಿ ಮುಗಿಯುವವರೆಗಿನ ರಾತ್ರಿಗಳ ಬಗ್ಗೆ. ಹೊರಗೆ ಮಲಗುವುದಾದರೆ ಯಾವುದೇ ಗೋಡೆಯಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರ ಇರಿ. ಹತ್ತಡಿ ಗೋಡೆಗೆ ಹದಿನೈದಡಿ. ಇಕ್ಕಟ್ಟಾದ ಓಣಿ ಮನೆಗಿಂತಲೂ ಅಪಾಯ, ಏಕೆಂದರೆ ಗೋಡೆಗಳು ಹೊರಮುಖವಾಗಿ ಬೀಳುತ್ತವೆ. ಹಾವು-ಚೇಳಿನ ಕಾಲವಾದ್ದರಿಂದ ನೆಲದ ಮೇಲೆ ಬೇಡ, ಮಂಚ ಮತ್ತು ಸೊಳ್ಳೆಪರದೆ ಇರಲಿ. ಒಳಗೇ ಮಲಗಬೇಕಾದರೆ ಮಾಳಿಗೆ ಹಗುರ ಮಾಡಿದ, ಬಾಗಿಲು ನೇರ ಅಂಗಳಕ್ಕೆ ತೆರೆಯುವ ಖೋಲಿಯಲ್ಲಿ, ಗೋಡೆಯಿಂದ ದೂರ, ಕಂಬದ ಬಳಿ ಮಲಗಿ. ನಾಗಂದಿಗೆಯ ಮೇಲಿನ ತಾಮ್ರದ ಹಂಡೆ, ಅಟ್ಟದ ಮೇಲಿನ ಒನಕೆ, ಬೀಸುಕಲ್ಲು ಕೆಳಗಿಳಿಯಲಿ. ಜೋಳದ ಚೀಲಗಳನ್ನು ನಾಲ್ಕಕ್ಕಿಂತ ಎತ್ತರ ಒಟ್ಟಬೇಡಿ. ಬಾಗಿಲಿನ ದಾರಿಯಲ್ಲಿ ಸೈಕಲ್ಲಾಗಲಿ ಬಕೆಟ್ಟಾಗಲಿ ಇರಬಾರದು, ಚಿಲಕ ಒಂದೇ ಕೈಗೆ ತೆರೆಯುವಂತಿರಲಿ. ಟಾರ್ಚು ಮತ್ತು ಚಪ್ಪಲಿ ತಲೆದಿಂಬಿನ ಬಳಿ ಇರಲಿ.

ಅಲುಗಿದಾಗ ಬಗ್ಗಿ, ಮೇಜಿನಡಿ ಸೇರಿ, ಅದರ ಕಾಲು ಹಿಡಿದುಕೊಳ್ಳಿ ಎಂಬ ಸಲಹೆ ಕಾಂಕ್ರೀಟು ಕಟ್ಟಡಗಳಿಗೆ ಸರಿ. ಭಾರದ ಮಾಳಿಗೆಯ ಮನೆಯಲ್ಲಿ ಬಾಗಿಲು ನಾಲ್ಕೈದು ಹೆಜ್ಜೆಯಲ್ಲಿದ್ದು ಆಚೆ ಬಯಲಿದ್ದರೆ ಹೊರಗೆ ಓಡಿ. ಅಷ್ಟು ಹತ್ತಿರವಿಲ್ಲದಿದ್ದರೆ ಅಥವಾ ಹೊರಗೆ ಓಣಿಯಿದ್ದರೆ ಕಬ್ಬಿಣದ ಮಂಚದ ಕೆಳಗೆ ಸೇರಿ, ತಲೆ ಮತ್ತು ಬಾಯಿ-ಮೂಗು ಮುಚ್ಚಿಕೊಳ್ಳಿ. ಮೊದಲೇ ಹೇಳಿದಂತೆ ಕೇಂದ್ರ ಹತ್ತಿರವಿದ್ದರೆ ನಿರ್ಧರಿಸುವ ಹೊತ್ತು ಸಿಗದು. ಯಾರು ಎಲ್ಲಿಂದ ಎತ್ತ ಹೋಗಬೇಕು, ಅಜ್ಜಿಯನ್ನು, ಕೂಸನ್ನು ಯಾರು ಎತ್ತಿಕೊಳ್ಳಬೇಕು ಎಂಬುದು ಇವತ್ತೇ ಗೊತ್ತಾಗಿರಲಿ. ನಿಂತ ಮೇಲೆ ಸಿಲಿಂಡರಿನ ರೆಗ್ಯುಲೇಟರ್, ಕರೆಂಟಿನ ಮೇನ್ ಸ್ವಿಚ್ ಬಂದ್ ಮಾಡಿ. ಬಿರುಕು ಬಿಟ್ಟ ಖೋಲಿಗೆ ಸಾಮಾನು ತರಲು ಹೋಗಬೇಡಿ, ಹಿಂದಿನಿಂದ ಬರುವ ಸಣ್ಣ ಕಂಪನಗಳೇ ಸಡಿಲ ಗೋಡೆಯನ್ನು ಬೀಳಿಸುತ್ತವೆ. ಯಾರಾದರೂ ಸಿಕ್ಕಿಕೊಂಡಿದ್ದರೆ 112ಕ್ಕೆ ಕರೆ ಮಾಡಿ.

ಪ್ರತಿ ಕಂಪನದ ತಾರೀಖು, ಗಂಟೆ-ನಿಮಿಷ, ಸದ್ದು ಮೊದಲೋ ಅಲುಗಾಟ ಮೊದಲೋ, ನಡುವೆ ಎಷ್ಟು ಸೆಕೆಂಡು, ಏನು ಬಿತ್ತು ಎಂಬುದನ್ನು ಊರಿನಲ್ಲಿ ಒಬ್ಬರು ಒಂದೇ ವಹಿಯಲ್ಲಿ ಬರೆಯುತ್ತ ಹೋಗಲಿ. ಅದರ ಪ್ರತಿಯನ್ನು ತಹಶೀಲ್ದಾರರ ಮೂಲಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಳಿಸಿದರೆ ಮಾಪಕ ಎಲ್ಲಿ ಇಡಬೇಕು ಎಂಬುದು ಅವರಿಗೆ ತಿಳಿಯುತ್ತದೆ. ಅದೇ ಅರ್ಜಿಯಲ್ಲಿ ಅಂಗನವಾಡಿ ಮತ್ತು ಶಾಲೆಯ ಕಟ್ಟಡಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರು ಬಂದು ನೋಡಲಿ ಎಂದು ಬರೆಯಿರಿ. ಪರಸಿ ಛಾವಣಿಯ ತರಗತಿ ಇದ್ದರೆ, ಅವರು ಬಂದು ನೋಡುವವರೆಗೆ ಮಕ್ಕಳು ಮರದ ನೆರಳಲ್ಲೋ ತಗಡಿನ ಶೆಡ್ಡಿನಲ್ಲೋ ಕೂರಲಿ.